ಚಳಿಗಾಲಕ್ಕೆ ಗಡಿಯೂರು: ಮೋಟರ್‌ಹೋಮ್ ಕೊಳ್ಳುವ ಮುನ್ನ ಒಂದು ಲೆಕ್ಕ

ಅಕ್ಟೋಬರ್ ಬಂತೆಂದರೆ ಕ್ಯಾಂಟನ್‌ನಲ್ಲಿ ನನಗೆ ಬರುವ ಪ್ರಶ್ನೆಗಳು ಬದಲಾಗುತ್ತವೆ. ಬೇಸಿಗೆಯಲ್ಲಿ ಮಕ್ಕಳ ಕಾಲೇಜು ಖರ್ಚು, 529 ಖಾತೆ ಎಂದು ಕೇಳುತ್ತಿದ್ದವರು ಹೋಗಿ, ಅವರ ಅಪ್ಪ ಅಮ್ಮನ ವಯಸ್ಸಿನವರು ಫೋನ್ ಮಾಡುತ್ತಾರೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಡೆಟ್ರಾಯಿಟ್‌ನ ಕಾರು ಕಂಪನಿಗಳಿಗೆ ಎಂಜಿನಿಯರ್ ಆಗಿ ಬಂದ, ಪಂಪ ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಮನೆಯಿಂದ ಬಿಸಿಬೇಳೆಬಾತ್ ಹೊತ್ತು ತಂದ ತಲೆಮಾರು ಅದು. ಹಿಮ ಎತ್ತಲು ಸೊಂಟ ಕೇಳುವುದಿಲ್ಲ, ಮೊಮ್ಮಕ್ಕಳು ಇಲ್ಲೇ ಇರುವುದರಿಂದ ಮನೆ ಬಿಡಲು ಮನಸ್ಸಿಲ್ಲ. ಈಗ ಅವರಲ್ಲಿ ಹಲವರ ಪ್ರಶ್ನೆ ಒಂದೇ: "ಒಂದು ಮೋಟರ್‌ಹೋಮ್ ತಗೊಂಡು ನಾಲ್ಕು ತಿಂಗಳು ಟೆಕ್ಸಾಸ್ ಗಡಿಗೋ ಅರಿಜೋನಾಕ್ಕೋ ಹೋಗಿಬಿಟ್ರೆ ಹೇಗೆ? ಬಾಡಿಗೆ ಉಳಿಯುತ್ತಲ್ಲ?"

ಹೋಗುವುದು ಒಳ್ಳೆಯದೇ. "ಬಾಡಿಗೆ ಉಳಿಯುತ್ತದೆ" ಎನ್ನುವ ಮಾತನ್ನು ಮಾತ್ರ ಕಾಗದದ ಮೇಲೆ ಪರೀಕ್ಷೆ ಮಾಡೋಣ.

ಎಲ್ಲಿಗೆ ಹೋಗುತ್ತಾರೆ?

ಡೆಟ್ರಾಯಿಟ್‌ನಲ್ಲಿ ಜನವರಿಯ ಮಧ್ಯಾಹ್ನದ ಉಷ್ಣಾಂಶ 32 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇದ್ದರೆ, ಮೆಕ್ಸಿಕೋ ಗಡಿಯ ಊರುಗಳಲ್ಲಿ 70ರ ಆಸುಪಾಸು. ಮಿಡ್‌ವೆಸ್ಟ್‌ನವರು ಮುಖ್ಯವಾಗಿ ಎರಡು ಕಡೆ ಹೋಗುತ್ತಾರೆ.

ಒಂದು, ಟೆಕ್ಸಾಸ್‌ನ ರಿಯೋ ಗ್ರಾಂಡೆ ಕಣಿವೆ. ಮಿಷನ್, ಮೆಕಾಲನ್, ವೆಸ್ಲಾಕೊ, ಹಾರ್ಲಿಂಜನ್ ಸುತ್ತ ಆರ್‌ವಿ ಪಾರ್ಕ್‌ಗಳೇ ಪಾರ್ಕ್‌ಗಳು. ಚಳಿಗಾಲದ ಈ ಅತಿಥಿಗಳನ್ನು ಅಲ್ಲಿ "ವಿಂಟರ್ ಟೆಕ್ಸನ್" ಎನ್ನುತ್ತಾರೆ. ಕ್ಯಾಂಟನ್‌ನಿಂದ ಸುಮಾರು 1,650 ಮೈಲಿ. ಹಾಗೆಂದು ಚಳಿಯೇ ಬರುವುದಿಲ್ಲ ಎಂದಲ್ಲ, 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ಹೆಪ್ಪುಗಟ್ಟಿದಾಗ ಈ ಕಣಿವೆಯಲ್ಲೂ ಕರೆಂಟ್ ಹೋಗಿತ್ತು.

ಇನ್ನೊಂದು, ಅರಿಜೋನಾದ ಯೂಮಾ ಮತ್ತು ಕ್ವಾರ್ಟ್‌ಸೈಟ್. ಸುಮಾರು 2,200 ಮೈಲಿ. ಇಲ್ಲಿನ ಮರುಭೂಮಿಯಲ್ಲಿ ಕೇಂದ್ರ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ 1983ರಿಂದ ದೀರ್ಘಾವಧಿ ತಂಗುದಾಣಗಳನ್ನು ನಡೆಸುತ್ತಿದೆ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇಡೀ ಏಳು ತಿಂಗಳ ಪರವಾನಗಿ ಬಹುಕಾಲ ಕೇವಲ 180 ಡಾಲರ್ ಇತ್ತು. ಹೊರಡುವ ಮುನ್ನ ಈ ವರ್ಷದ ದರ ನೋಡಿಕೊಳ್ಳಿ. ಕರೆಂಟ್, ನೀರಿನ ಕೊಳಾಯಿ ನಿಮ್ಮ ಜಾಗಕ್ಕೆ ಬರುವುದಿಲ್ಲ. ಸೋಲಾರ್, ಬ್ಯಾಟರಿ, ನೀರಿನ ಟ್ಯಾಂಕ್ ಎಲ್ಲ ನಿಮ್ಮದೇ.

ಗಾಡಿಯ ನಿಜವಾದ ಖರ್ಚು

ಅಮೆರಿಕದ ಬಹುಪಾಲು ಆರ್‌ವಿಗಳು ತಯಾರಾಗುವುದು ಇಂಡಿಯಾನಾದ ಎಲ್ಕ್‌ಹಾರ್ಟ್ ಸುತ್ತ. ನಮ್ಮಿಂದ ಎರಡೂವರೆ ಗಂಟೆ ದಾರಿ. ಒಂದು ಶನಿವಾರ ಹೋಗಿ ನೋಡಿ ಬನ್ನಿ, ಆದರೆ ಚೆಕ್ ಬುಕ್ ಮನೆಯಲ್ಲೇ ಬಿಟ್ಟು ಹೋಗಿ.

ನಾನು ಒಂದು ಉದಾಹರಣೆ ಲೆಕ್ಕ ಹಾಕುತ್ತೇನೆ. ಇವು ನನ್ನ ಊಹೆಯ ಅಂಕಿಗಳು, ನಿಮ್ಮ ಅಂಕಿ ಹಾಕಿಕೊಂಡು ನೋಡಿ. ಬಳಸಿದ ಕ್ಲಾಸ್ ಸಿ ಗಾಡಿ, ಬೆಲೆ 75,000 ಡಾಲರ್, ಪೂರ್ತಿ ನಗದು. ಐದು ವರ್ಷದಲ್ಲಿ ಬೆಲೆ ಅರ್ಧಕ್ಕೆ ಇಳಿಯುತ್ತದೆ ಎಂದುಕೊಳ್ಳೋಣ. ವರ್ಷಕ್ಕೆ ಹೀಗೆ ಬರುತ್ತದೆ:

- ಸವಕಳಿ: 7,500
- ಮಿಶಿಗನ್ ಮಾರಾಟ ತೆರಿಗೆ 6% (4,500), ಐದು ವರ್ಷಕ್ಕೆ ಹಂಚಿದರೆ: 900
- ಅದೇ ಹಣ 4.5% ಬಡ್ಡಿಯಲ್ಲಿ ಇದ್ದಿದ್ದರೆ ಬರುತ್ತಿದ್ದುದು: 3,375
- ವಿಮೆ: 1,500
- ಟೈರು, ರಿಪೇರಿ: 2,500
- ಉಳಿದ ಎಂಟು ತಿಂಗಳು ಗಾಡಿ ನಿಲ್ಲಿಸುವ ಬಾಡಿಗೆ: 800
- ಪೆಟ್ರೋಲ್ (3,800 ಮೈಲಿ, ಗ್ಯಾಲನ್‌ಗೆ 9 ಮೈಲಿ, ಗ್ಯಾಲನ್‌ಗೆ 3.25 ಡಾಲರ್): 1,370
- ಪಾರ್ಕ್‌ನಲ್ಲಿ ನಾಲ್ಕು ತಿಂಗಳ ಜಾಗ, ಕರೆಂಟ್ ಸೇರಿ: 3,200

ಒಟ್ಟು 21,000 ಡಾಲರ್ ದಾಟುತ್ತದೆ. ಅಂದರೆ ತಿಂಗಳಿಗೆ ಸುಮಾರು 5,300.

ಇನ್ನೊಂದು ದಾರಿ: ಅದೇ ಊರಿನಲ್ಲಿ ತಿಂಗಳಿಗೆ 1,800 ಡಾಲರ್‌ಗೆ ಸಾಮಾನು ಸಮೇತ ಇರುವ ಮನೆ ಬಾಡಿಗೆಗೆ ಹಿಡಿದು, ನಿಮ್ಮದೇ ಕಾರಿನಲ್ಲಿ ಹೋಗುವುದು. ಬಾಡಿಗೆ 7,200, ಪೆಟ್ರೋಲ್ 440, ದಾರಿಯಲ್ಲಿ ಮೋಟೆಲ್ 600. ಒಟ್ಟು 8,240. ಮೋಟರ್‌ಹೋಮ್‌ನ ಖರ್ಚು ಇದರ ಎರಡೂವರೆ ಪಟ್ಟು. ನಿಮ್ಮ ಕಣ್ಣಿಗೆ ಬೀಳುವುದು ಪೆಟ್ರೋಲ್ ಮತ್ತು ಪಾರ್ಕ್ ಬಾಡಿಗೆ ಮಾತ್ರ, ಅವೆರಡು ಸೇರಿ ಕಾಲು ಭಾಗವೂ ಆಗುವುದಿಲ್ಲ. ಮಿಕ್ಕಿದ್ದು ಸದ್ದಿಲ್ಲದೆ ಹೋಗುವ ಹಣ.

ಸಾಲ ಮಾಡಿದರೆ ಇನ್ನೂ ಕಷ್ಟ. 75,000ಕ್ಕೆ 8% ಬಡ್ಡಿಯಲ್ಲಿ 15 ವರ್ಷದ ಸಾಲ ಎಂದರೆ ತಿಂಗಳಿಗೆ ಸುಮಾರು 717 ಡಾಲರ್, ಒಟ್ಟು ಬಡ್ಡಿ 54,000. ಐದು ವರ್ಷ ಕಂತು ಕಟ್ಟಿದ ಮೇಲೂ ಅಸಲು ಸುಮಾರು 59,000 ಬಾಕಿ, ಗಾಡಿಯ ಬೆಲೆ 37,500. ಮಾರಿದರೂ 21,500 ಕೈಯಿಂದ ಕೊಡಬೇಕು. "ಎರಡನೇ ಮನೆ ಅಂತ ಬಡ್ಡಿಗೆ ತೆರಿಗೆ ವಿನಾಯಿತಿ ಇದೆಯಲ್ಲ" ಎಂದು ಮಾರುವವರು ಹೇಳುತ್ತಾರೆ. ಮಲಗುವ ಜಾಗ, ಅಡುಗೆಮನೆ, ಶೌಚಾಲಯ ಮೂರೂ ಇದ್ದರೆ ಮೋಟರ್‌ಹೋಮ್ ಎರಡನೇ ಮನೆ ಎಂದು ಪರಿಗಣನೆಯಾಗುವುದು ನಿಜ. ಆದರೆ 2025ಕ್ಕೆ ದಂಪತಿಗಳ ಸ್ಟ್ಯಾಂಡರ್ಡ್ ಡಿಡಕ್ಷನ್ 31,500 ಡಾಲರ್. ಮನೆ ಸಾಲ ತೀರಿದ ನಿವೃತ್ತರಲ್ಲಿ ಹೆಚ್ಚಿನವರಿಗೆ ಈ ವಿನಾಯಿತಿಯಿಂದ ಒಂದು ಡಾಲರೂ ಸಿಗುವುದಿಲ್ಲ.

ಕೊಳ್ಳುವುದೇ ಎಂದರೆ ಕಾಲ ನೋಡಿ ಕೊಳ್ಳಿ. ಆರ್‌ವಿ ಉದ್ಯಮ ಚಕ್ರದಂತೆ ತಿರುಗುತ್ತದೆ. 2021ರಲ್ಲಿ ಕಾರ್ಖಾನೆಗಳಿಂದ ದಾಖಲೆಯ 6 ಲಕ್ಷ ಆರ್‌ವಿಗಳು ಹೊರಬಂದವು. 2023ರಲ್ಲಿ ಅದು 3.13 ಲಕ್ಷಕ್ಕೆ ಕುಸಿಯಿತು. ಕೋವಿಡ್ ಕಾಲದ ಉತ್ಸಾಹದಲ್ಲಿ ಕೊಂಡವರು ಈಗ ಮಾರುತ್ತಿದ್ದಾರೆ. ಆ ಮೊದಲ ಏಟಿನ ಸವಕಳಿಯನ್ನು ಅವರು ಹೊತ್ತ ಮೇಲೆ ನೀವು ಕೊಳ್ಳುವುದು ಜಾಣತನ.

"ಟೆಕ್ಸಾಸ್ ನಿವಾಸಿ ಆಗಿಬಿಡೋಣ, ತೆರಿಗೆ ಉಳಿಯುತ್ತೆ"

ಟೆಕ್ಸಾಸ್‌ನಲ್ಲಿ ರಾಜ್ಯ ಆದಾಯ ತೆರಿಗೆ ಇಲ್ಲ, ಮಿಶಿಗನ್‌ನಲ್ಲಿ 4.25%. ಕೇಳಲು ಚೆನ್ನಾಗಿದೆ. ಆದರೆ ವರ್ಷದಲ್ಲಿ 183 ದಿನ ಮಿಶಿಗನ್‌ನಲ್ಲಿದ್ದರೆ ನೀವು ಮಿಶಿಗನ್ ನಿವಾಸಿ ಎಂದೇ ಲೆಕ್ಕ. ನಾಲ್ಕು ತಿಂಗಳು ಹೋಗಿಬರುವವರಿಗೆ ಮಾತು ಅಲ್ಲಿಗೇ ಮುಗಿಯಿತು.

ಏಳು ತಿಂಗಳು ಹೋಗುತ್ತೇನೆ ಎನ್ನುವವರಿಗೂ ಇನ್ನೊಂದು ಲೆಕ್ಕ ಇದೆ. ಕ್ಯಾಂಟನ್ ಮನೆ ನಿಮ್ಮ ಮುಖ್ಯ ವಾಸಸ್ಥಳ ಆಗಿರುವವರೆಗೆ ಶಾಲಾ ನಿರ್ವಹಣಾ ತೆರಿಗೆಯಲ್ಲಿ 18 ಮಿಲ್‌ವರೆಗೆ ವಿನಾಯಿತಿ ಇರುತ್ತದೆ. ಮನೆಯ ತೆರಿಗೆ ಮೌಲ್ಯ 1.5 ಲಕ್ಷ ಡಾಲರ್ ಇದ್ದರೆ ಅದು ವರ್ಷಕ್ಕೆ 2,700 ಡಾಲರ್. 60,000 ಡಾಲರ್ ತೆರಿಗೆಯ ಆದಾಯಕ್ಕೆ ಮಿಶಿಗನ್ ಕೇಳುವುದು 2,550. ಅದನ್ನು ಉಳಿಸಲು ಇದನ್ನು ಕಳೆದುಕೊಳ್ಳುತ್ತೀರಿ. ಅಷ್ಟೇ ಅಲ್ಲ, ಸೋಷಿಯಲ್ ಸೆಕ್ಯುರಿಟಿಗೆ ಮಿಶಿಗನ್ ತೆರಿಗೆ ಹಾಕುವುದಿಲ್ಲ. 2023ರ ಕಾನೂನಿನ ಪ್ರಕಾರ ಪಿಂಚಣಿ ಮತ್ತು ಅರ್ಹ ನಿವೃತ್ತಿ ಆದಾಯದ ಮೇಲಿನ ವಿನಾಯಿತಿ ಹಂತಹಂತವಾಗಿ ಏರಿ 2026ಕ್ಕೆ ಪೂರ್ತಿ ಜಾರಿಗೆ ಬರುತ್ತದೆ. ನಮ್ಮ ನಿವೃತ್ತರಲ್ಲಿ ಅನೇಕರಿಗೆ ಉಳಿಸಲು ತೆರಿಗೆಯೇ ಇರುವುದಿಲ್ಲ.

ಮನೆ ಮಾರಿ ಗಾಡಿಯಲ್ಲೇ ಇರುತ್ತೇವೆ ಎನ್ನುವವರು ಇದನ್ನೂ ನೋಡಿ. 1994ರ ಪ್ರಪೋಸಲ್ ಎ ಬಂದ ಮೇಲೆ ಮನೆಯ ತೆರಿಗೆ ಮೌಲ್ಯ ವರ್ಷಕ್ಕೆ 5% ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟೇ ಏರುತ್ತದೆ. ಮೂವತ್ತು ವರ್ಷ ಒಂದೇ ಮನೆಯಲ್ಲಿದ್ದವರಿಗೆ ಇದು ದೊಡ್ಡ ಆಸ್ತಿ. ಮಾರಿ, ಮೂರು ವರ್ಷದ ಮೇಲೆ "ಸಾಕಪ್ಪ" ಎಂದು ವಾಪಸ್ ಬಂದು ಪಕ್ಕದ ಬೀದಿಯಲ್ಲೇ ಕೊಂಡರೂ ಇಂದಿನ ಮಾರುಕಟ್ಟೆ ಬೆಲೆಯ ಲೆಕ್ಕದಲ್ಲೇ ತೆರಿಗೆ ಶುರು.

ಎಲ್ಲಕ್ಕಿಂತ ದುಬಾರಿ ನಿರ್ಧಾರ: ಆರೋಗ್ಯ ವಿಮೆ

ಇದು ಗಾಡಿಗಿಂತ ದೊಡ್ಡ ವಿಷಯ. 65ಕ್ಕೆ ಮೆಡಿಕೇರ್ ಸೇರುವಾಗ ಎರಡು ದಾರಿ. ಮೆಡಿಕೇರ್ ಅಡ್ವಾಂಟೇಜ್ ಅಗ್ಗ. ಆದರೆ ಹೆಚ್ಚಿನ ಯೋಜನೆಗಳಿಗೆ ಸ್ಥಳೀಯ ನೆಟ್‌ವರ್ಕ್ ಇದೆ. ತುರ್ತು ಚಿಕಿತ್ಸೆ ಎಲ್ಲಿಯಾದರೂ ಸಿಗುತ್ತದೆ, ಹೃದಯದ ಡಾಕ್ಟರ ಮಾಮೂಲಿ ತಪಾಸಣೆ ಮಿಷನ್‌ನಲ್ಲಿ ಸಿಗದಿರಬಹುದು. ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಸಾಮಾನ್ಯವಾಗಿ ಯೋಜನೆಯಿಂದಲೇ ತೆಗೆಯುತ್ತಾರೆ. ಮೂಲ ಮೆಡಿಕೇರ್ ಜೊತೆ ಮೆಡಿಗ್ಯಾಪ್ ಪಾಲಿಸಿ ತೆಗೆದುಕೊಂಡರೆ ಪ್ರೀಮಿಯಂ ಹೆಚ್ಚು, ಆದರೆ ಮೆಡಿಕೇರ್ ಒಪ್ಪುವ ಯಾವ ರಾಜ್ಯದ ಡಾಕ್ಟರ ಬಳಿಯೂ ಹೋಗಬಹುದು.

ಮೆಡಿಗ್ಯಾಪ್‌ಗೆ ಆರೋಗ್ಯದ ಪ್ರಶ್ನೆ ಕೇಳದೆ ಕೊಡಲೇಬೇಕಾದ ಅವಧಿ ಪಾರ್ಟ್ ಬಿ ಶುರುವಾದ ಮೊದಲ ಆರು ತಿಂಗಳು. ಆಮೇಲೆ ಮಿಶಿಗನ್‌ನಲ್ಲಿ ಕಂಪನಿ ನಿಮ್ಮ ಸಕ್ಕರೆ, ಬಿಪಿ, ಸ್ಟೆಂಟ್ ನೋಡಿ ಬೇಡ ಎನ್ನಬಹುದು. 65ಕ್ಕೆ ಪ್ರೀಮಿಯಂ ಉಳಿಸಿ 70ಕ್ಕೆ ಊರೂರು ಸುತ್ತುವ ಯೋಚನೆ ಬಂದರೆ ಬಾಗಿಲು ಮುಚ್ಚಿರಬಹುದು.

ಇನ್ನು ಹಲ್ಲು. ಮೂಲ ಮೆಡಿಕೇರ್ ಸಾಮಾನ್ಯ ದಂತ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಅದಕ್ಕೇ ಯೂಮಾ ಪಕ್ಕದ ಲಾಸ್ ಅಲ್ಗೊಡೋನೆಸ್‌ಗೆ "ದವಡೆ ಹಲ್ಲಿನ ಊರು" ಎಂದೇ ಹೆಸರು. ಬೀದಿ ತುಂಬ ದಂತವೈದ್ಯರು, ಔಷಧಿ ಅಂಗಡಿಗಳು. ಟೆಕ್ಸಾಸ್ ಕಡೆಯವರಿಗೆ ನುಯೆವೊ ಪ್ರೊಗ್ರೆಸೊ ಇದೆ, ಸೇತುವೆ ದಾಟಿದರೆ ಮೆಕ್ಸಿಕೋ. ಗಾಡಿಯನ್ನು ಅಮೆರಿಕದ ಬದಿಯಲ್ಲೇ ನಿಲ್ಲಿಸಿ ನಡೆದು ಹೋಗಿ, ಇಲ್ಲಿನ ವಾಹನ ವಿಮೆ ಸಾಮಾನ್ಯವಾಗಿ ಅಲ್ಲಿ ನಡೆಯುವುದಿಲ್ಲ. ಮೆಡಿಕೇರ್ ಕೂಡ ಗಡಿಯಾಚೆ, ಕೆಲವೇ ಅಪವಾದ ಬಿಟ್ಟರೆ, ನಡೆಯುವುದಿಲ್ಲ. ಪ್ಲಾನ್ ಜಿ, ಎನ್ ಮುಂತಾದ ಕೆಲವು ಮೆಡಿಗ್ಯಾಪ್‌ಗಳು ವಿದೇಶದ ತುರ್ತು ಚಿಕಿತ್ಸೆಗೆ ಪ್ರವಾಸದ ಮೊದಲ 60 ದಿನಗಳಲ್ಲಿ, 250 ಡಾಲರ್ ಕಳೆದು, 80% ಕೊಡುತ್ತವೆ. ಜೀವಮಾನದ ಮಿತಿ 50,000 ಡಾಲರ್.

ಕಾಗದ ಪತ್ರ

ನಮ್ಮವರಿಗೆ ಇದನ್ನು ಒತ್ತಿ ಹೇಳಬೇಕು. ಮೆಕ್ಸಿಕೋಗೆ ಕಾಲಿಡದಿದ್ದರೂ, ಕಣಿವೆಯಿಂದ ಉತ್ತರಕ್ಕೆ ಬರುವಾಗ ಫಾಲ್ಫುರಿಯಸ್ ಅಥವಾ ಸರಿಟಾ ಬಳಿ ಹೆದ್ದಾರಿಯಲ್ಲೇ ಗಡಿ ಪಡೆಯ ತಪಾಸಣೆ ಇದೆ. ಗ್ರೀನ್ ಕಾರ್ಡ್ ಇರುವವರು ಕಾರ್ಡನ್ನು ಸದಾ ಜೊತೆಯಲ್ಲಿ ಇಟ್ಟುಕೊಳ್ಳಬೇಕೆಂದು ಕಾನೂನೇ ಹೇಳುತ್ತದೆ. ಊರಿಂದ ಬಂದ ಅತ್ತೆ ಮಾವ ಜೊತೆಗಿದ್ದರೆ ಅವರ ಪಾಸ್‌ಪೋರ್ಟ್, ಐ-94 ಕೈಗೆಟಕುವಂತಿರಲಿ. ಒಂದು ದಿನ ಮೆಕ್ಸಿಕೋಗೆ ಹೋಗಿ ಬಂದರೆ ಅವರ ಆರು ತಿಂಗಳ ಅವಧಿ ಹೊಸದಾಗಿ ಶುರುವಾಗುತ್ತದೆ ಎಂದುಕೊಳ್ಳಬೇಡಿ.

ಮೈಸೂರಿಗೇ ಹೋಗಬಾರದೇ?

ಹೋಗಬಹುದು. ಸ್ವಂತ ಮನೆ, ತಮ್ಮ ತಂಗಿಯರು ಇದ್ದರೆ ಡಿಸೆಂಬರ್‌ನ ಮೈಸೂರಿಗೆ ಯಾವ ಯೂಮಾವೂ ಸಮವಲ್ಲ. ಆದರೆ ಮೆಡಿಕೇರ್ ಅಲ್ಲಿ ಇಲ್ಲ, ಪ್ರತ್ಯೇಕ ವಿಮೆ ಬೇಕು. ಭಾರತದಲ್ಲಿ 182 ದಿನ ತುಂಬಲು ಬಿಡಬೇಡಿ. ಬಾಡಿಗೆ, ಬಡ್ಡಿ ಸೇರಿ ಭಾರತದ ಆದಾಯ 15 ಲಕ್ಷ ರೂಪಾಯಿ ಮೀರುವವರು 120 ದಿನದ ನಿಯಮವನ್ನು ತಮ್ಮ ಸಿಎ ಬಳಿ ಕೇಳಿಕೊಳ್ಳಿ.

ಪಾರ್ಕ್‌ನ ಮಾಲೀಕ ಯಾರು?

ಹೂಡಿಕೆದಾರರಿಗೆ ಒಂದು ಸ್ವಾರಸ್ಯದ ಸಂಗತಿ. ಹಿಮ ಬಿಟ್ಟು ಓಡಿದವರು ಬಾಡಿಗೆ ಕೊಡುವ ದೊಡ್ಡ ಪಾರ್ಕ್ ಸರಪಳಿಗಳ ಕಚೇರಿಗಳು ಹಿಮದ ಊರಿನಲ್ಲೇ ಇವೆ. ಸನ್ ಕಮ್ಯುನಿಟೀಸ್ ನಮ್ಮ ಸೌತ್‌ಫೀಲ್ಡ್‌ನಲ್ಲಿ, ಈಕ್ವಿಟಿ ಲೈಫ್‌ಸ್ಟೈಲ್ ಪ್ರಾಪರ್ಟೀಸ್ ಶಿಕಾಗೋದಲ್ಲಿ. ಎರಡೂ 1993ರಲ್ಲಿ ಷೇರುಪೇಟೆಗೆ ಬಂದ ರೀಟ್‌ಗಳು. ತೆರಿಗೆಯ ಆದಾಯದ 90% ಲಾಭಾಂಶವಾಗಿ ಹಂಚಲೇಬೇಕು. ಗಾಡಿ ತಯಾರಿಸುವ ಥಾರ್, ವಿನ್ನೆಬೇಗೊಗಳ ಮಾರಾಟ ಮೇಲೆ ಕೆಳಗೆ ಜೋಕಾಲಿ ಆಡುತ್ತದೆ. ಜಾಗದ ಬಾಡಿಗೆ ಅಷ್ಟು ಆಡುವುದಿಲ್ಲ, ಏಕೆಂದರೆ ಗಾಡಿಯನ್ನು ಯಾವಾಗ ಕೊಂಡವರಾದರೂ ಅದನ್ನು ನಿಲ್ಲಿಸಲು ಜಾಗ ಬೇಕೇ ಬೇಕು. ಇದು ಷೇರು ಕೊಳ್ಳಿ ಎಂಬ ಸಲಹೆಯಲ್ಲ. ಸವೆಯುವ ವಸ್ತು ಯಾವುದು, ಬಾಡಿಗೆ ತರುವ ವಸ್ತು ಯಾವುದು ಎಂದು ತಿಳಿಯಲು ಒಳ್ಳೆಯ ಪಾಠ.

ಹಾಗಾದರೆ ಏನು ಮಾಡಬೇಕು?

ಕಳೆದ ವರ್ಷ ಒಬ್ಬ ಹಿರಿಯ ದಂಪತಿಗೆ ಈ ಲೆಕ್ಕವನ್ನೆಲ್ಲ ತೋರಿಸಿದೆ. ಅಂಕಲ್ ಸವಕಳಿಯ ಬಗ್ಗೆ ಅರ್ಧ ಗಂಟೆ ವಾದ ಮಾಡಿದರು. ಆಂಟಿ ಕೊನೆಗೆ ಒಂದೇ ಪ್ರಶ್ನೆ ಕೇಳಿದರು: "ನೋಡಪ್ಪಾ, ಅಷ್ಟು ದೊಡ್ಡ ಗಾಡಿ ಓಡಿಸೋರು ಇವರೊಬ್ಬರೇ. ಟೆಕ್ಸಾಸ್‌ನಲ್ಲಿ ಇವರು ಆಸ್ಪತ್ರೆ ಸೇರಿದ್ರೆ ನಾನು ಮನೆಗೆ ಬರೋದು ಹೇಗೆ?" ನನ್ನ ಸ್ಪ್ರೆಡ್‌ಶೀಟ್‌ನಲ್ಲಿ ಅದಕ್ಕೆ ಸಾಲೇ ಇರಲಿಲ್ಲ. ಈಗ ಇದೆ, ಅದೂ ಮೊದಲನೆಯ ಸಾಲು.

ನನ್ನ ಕ್ರಮ ಹೀಗಿದೆ. ಮೊದಲ ಚಳಿಗಾಲ ಮನೆ ಬಾಡಿಗೆಗೆ ಹಿಡಿದು ಕಾರಿನಲ್ಲಿ ಹೋಗಿ. ಊರು, ಜನ, ನಾಲ್ಕು ತಿಂಗಳು ಮೊಮ್ಮಕ್ಕಳನ್ನು ಬಿಟ್ಟಿರುವುದು ಇವೆಲ್ಲ ಹೊಂದುತ್ತವೆಯೇ ನೋಡಿ. ನಂತರ ಮೋಟರ್‌ಹೋಮನ್ನು ಎರಡು ವಾರ ಬಾಡಿಗೆಗೆ ತೆಗೆದುಕೊಳ್ಳಿ. ಇಬ್ಬರೂ ಓಡಿಸಬೇಕು, ಇಬ್ಬರೂ ಕೊಳಚೆ ಟ್ಯಾಂಕ್ ಖಾಲಿ ಮಾಡಬೇಕು. ಆಮೇಲೂ ಆಸೆ ಉಳಿದರೆ, ವರ್ಷಕ್ಕೆ ಎಂಟು ತಿಂಗಳಾದರೂ ಬಳಸುವುದಾದರೆ, ಹಳೆಯ ಗಾಡಿಯನ್ನು ನಗದು ಕೊಟ್ಟು ಕೊಳ್ಳಿ. ಬೇಸಿಗೆಯಲ್ಲಿ ಮಿಶಿಗನ್‌ನ ಮೇಲಿನ ದ್ವೀಪಕಲ್ಪ ಸುತ್ತಿದರೆ ತಿಂಗಳ ಖರ್ಚು ಅರ್ಧಕ್ಕೆ ಹತ್ತಿರ ಬರುತ್ತದೆ. ಹೊರಡುವ ಮುನ್ನ ಮನೆಯ ನೀರು ಬಂದ್ ಮಾಡಿ, ಹೀಟರ್ 55ರಲ್ಲಿಟ್ಟು, ಖಾಲಿ ಮನೆಗೆ ವಿಮೆ ಎಷ್ಟು ದಿನ ನಡೆಯುತ್ತದೆ ಎಂದು ಏಜೆಂಟ್ ಬಳಿ ಬರವಣಿಗೆಯಲ್ಲಿ ಕೇಳಿ.

ಅಂಕಲ್, ಆಂಟಿ ಈ ಸಲ ಮಿಷನ್‌ನಲ್ಲಿ ಮೂರು ತಿಂಗಳಿಗೆ ಒಂದು ಪುಟ್ಟ ಮನೆ ಹಿಡಿದಿದ್ದಾರೆ. ಗಾಡಿಯ ಆಸೆ ಅಂಕಲ್‌ಗೆ ಇನ್ನೂ ಹೋಗಿಲ್ಲ. ಆಂಟಿ ಹೈವೇಯಲ್ಲಿ ಕಾರು ಓಡಿಸುವುದನ್ನು ಮತ್ತೆ ಅಭ್ಯಾಸ ಮಾಡುತ್ತಿದ್ದಾರೆ.

(ಇದು ಸಾಮಾನ್ಯ ಮಾಹಿತಿ. ತೆರಿಗೆ, ವಲಸೆ, ವಿಮೆಯ ನಿರ್ಧಾರಕ್ಕೆ ಮುನ್ನ ಆಯಾ ತಜ್ಞರನ್ನು ಕೇಳಿ.)