ಬಳ್ಳಾರಿ ಜಾಲಿ: ಕೇಡು ಮತ್ತು ಉಪಯೋಗ

ಹೊಸದುರ್ಗ ತಾಲ್ಲೂಕಿನ ಬಾಗೂರು ಮಳೆಯನ್ನೂ ಕೆರೆಯನ್ನೂ ನೆಚ್ಚಿದ ಬಯಲುಸೀಮೆಗೆ ಸೇರಿದುದು. ಈ ಸೀಮೆಯ ಕೆರೆಯಂಗಳ, ಗೋಮಾಳಗಳನ್ನು ಆಕ್ರಮಿಸಿರುವ ಬಳ್ಳಾರಿ ಜಾಲಿಯು ಅಮೆರಿಕ ಖಂಡದ ಮೂಲದ್ದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕೆ ಬಂದು, ಸೌದೆಗಾಗಿಯೂ ಬಂಜರನ್ನು ಹಸಿರಾಗಿಸುವುದಕ್ಕಾಗಿಯೂ ಬೆಳೆಸಲ್ಪಟ್ಟಿತು. ಇದರ ಸಿಹಿಗಾಯಿಯನ್ನು ದನಕುರಿಗಳು ಮೇಯಲು, ಸಗಣಿ-ಹಿಕ್ಕೆಗಳೊಡನೆ ಬೀಜವು ಪಸರಿಸುತ್ತದೆ. ಬೇರು ಆಳದ ನೀರನ್ನು ಹೀರುತ್ತದೆ. ನೆರಳಿನಡಿ ಹುಲ್ಲು ಸೊರಗುತ್ತದೆ.

ಆದರೂ ಇದರ ಸೌದೆ ಬಡವರ ಒಲೆಯನ್ನುರಿಸಿದೆ; ಇದ್ದಿಲು ಉತ್ತಮವಾದುದು; ಹೂವು ಜೇನ್ನೊಣಗಳಿಗೆ ಆಹಾರ. ಕಾಯಿಯನ್ನು ಬೀಜಸಹಿತ ಹಿಟ್ಟುಮಾಡಿ ಮಿತವಾಗಿ ಮೇವಿಗೆ ಬೆರೆಸಿದರೆ ಬೀಜವೂ ನಾಶವಾಗುತ್ತದೆ.

ಕಡಿದ ಬುಡ ಮತ್ತೆ ಚಿಗುರುವುದರಿಂದ ಬೇರುಸಹಿತ ಕೀಳುವುದೇ ಸರಿ. ಉಪಯೋಗವು ನಿರ್ಮೂಲನಕ್ಕೆ ಸಾಧನವಾಗಬೇಕಲ್ಲದೆ ಸಾಕಣೆಗೆ ನೆಪವಾಗಬಾರದು. ತೆರವಾದ ನೆಲದಲ್ಲಿ ನಾಡಿನ ಕರಿಜಾಲಿ, ಹೊಂಗೆಗಳನ್ನು ಬೆಳೆಸಬೇಕು. ಕಿತ್ತ ಕೈಯೇ ನೆಡದಿದ್ದರೆ ಬಡವರ ಒಲೆ ಮತ್ತೆ ಆ ಮುಳ್ಳನ್ನೇ ಬೇಡೀತು.