ನೀರು ಸೋಸುವ ಬಟ್ಟೆಯನ್ನು ನೆಯ್ದವರು ಯಾರು?

ಜೈನ ಗೃಹಸ್ಥರ ಮನೆಯಲ್ಲಿ ಬೆಳಗಿನ ಮೊದಲ ಕೆಲಸಗಳಲ್ಲೊಂದು ನೀರು ಸೋಸುವುದು. ದಪ್ಪನೆಯ ಹತ್ತಿಬಟ್ಟೆಯನ್ನು ಎರಡು ಪದರವಾಗಿ ಮಡಿಸಿ, ಕೊಡದ ಬಾಯಿಗೆ ಹಾಸಿ, ನಿಧಾನವಾಗಿ ನೀರು ಸುರಿಯುತ್ತಾರೆ. ಬಟ್ಟೆಯಲ್ಲಿ ಉಳಿದ ಸೂಕ್ಷ್ಮಜೀವಿಗಳನ್ನು ಸೋಸಿದ ನೀರಿನಿಂದಲೇ ತೊಳೆದು, ನೀರು ಸೇದಿದ ಬಾವಿಗೇ ಮರಳಿ ಬಿಡುವ ಪದ್ಧತಿಯೂ ಉಂಟು. ಕಣ್ಣಿಗೆ ಕಾಣದ ಜೀವವೂ ತನ್ನ ನೆಲೆಯನ್ನು ಕಳೆದುಕೊಳ್ಳಬಾರದೆಂಬ ಈ ಎಚ್ಚರಿಕೆ ಅಹಿಂಸಾ ಧರ್ಮದ ಹೆಮ್ಮೆ.

ಇಷ್ಟು ಎಚ್ಚರದಿಂದ ನೀರು ಸೋಸುವ ಕೈ, ಆ ಬಟ್ಟೆಯನ್ನು ಅಂಗಡಿಯಲ್ಲಿ ಕೊಳ್ಳುವಾಗಲೂ ಅಷ್ಟೇ ಎಚ್ಚರದಿಂದಿತ್ತೆ? ಅದನ್ನು ನೆಯ್ದವರು ಯಾರು? ಹತ್ತಿ ಬೆಳೆದ ರೈತನಿಗೆ ಬೆಲೆ ಬಂದಿತೆ? ನೂಲಿಗೆ ಬಣ್ಣ ಹಾಕಿದವನ ಹೊಟ್ಟೆ ತುಂಬಿತೆ? ಅಡುಗೆಮನೆಯ ಹೊಸ್ತಿಲವರೆಗೆ ಬಂದು ನಿಂತ ಅಹಿಂಸೆ ಕೈಚೀಲದೊಳಗೂ ಇಳಿಯಬೇಕಲ್ಲವೇ?

ಜೈನ ದರ್ಶನವು ಕರ್ಮದ ಲೆಕ್ಕವನ್ನು ಕೈಯಿಂದ ಮಾಡಿದ ಕೆಲಸಕ್ಕೆ ಮಾತ್ರ ಸೀಮಿತಗೊಳಿಸಿಲ್ಲ. ತಾನೇ ಮಾಡಿದ್ದು ಕೃತ, ಇನ್ನೊಬ್ಬರಿಂದ ಮಾಡಿಸಿದ್ದು ಕಾರಿತ, ಇನ್ನೊಬ್ಬರು ಮಾಡಿದ್ದಕ್ಕೆ ಒಪ್ಪಿದ್ದು ಅನುಮೋದಿತ. ಈ ಮೂರನ್ನು ಮನ, ವಚನ, ಕಾಯಗಳೆಂಬ ಮೂರು ಯೋಗಗಳಿಂದಲೂ, ಸಂರಂಭ, ಸಮಾರಂಭ, ಆರಂಭಗಳೆಂಬ ಮೂರು ಹಂತಗಳಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳು ಪಾಪ ಒಳಬರುವ ಈ 108 ದಾರಿಗಳನ್ನು ನೆನಪಿಸುತ್ತವೆಂದು ಹಿರಿಯರು ವಿವರಿಸುತ್ತಾರೆ. ಕೊಳ್ಳುವವನು ಕೃತದಿಂದ ದೂರವಿರಬಹುದು. ಆದರೆ ಹಣ ಕೊಟ್ಟು ವಸ್ತುವನ್ನು ಮನೆಗೆ ತಂದ ಮೇಲೆ ಕಾರಿತ ಮತ್ತು ಅನುಮೋದಿತಗಳಿಂದ ತಾನು ದೂರವೆಂದು ಹೇಳಿಕೊಳ್ಳುವುದು ಕಷ್ಟ. ಬೇಡಿಕೆಯೇ ಇಲ್ಲದಿದ್ದರೆ ಆ ವಸ್ತು ತಯಾರಾಗುತ್ತಲೇ ಇರಲಿಲ್ಲ.

ಅಚೌರ್ಯಾಣುವ್ರತದ ವಿವರಣೆಯಲ್ಲಿ ಈ ಮಾತು ಇನ್ನಷ್ಟು ನೇರವಾಗಿದೆ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವೂ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವೂ ಈ ವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತವೆ. ಕಳ್ಳತನಕ್ಕೆ ಪ್ರೇರೇಪಿಸುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ಕಾನೂನನ್ನು ಮೀರುವುದು, ಅಳತೆ ತೂಕಗಳಲ್ಲಿ ಮೋಸ ಮಾಡುವುದು ಮತ್ತು ಕಲಬೆರಕೆ ಮಾಡುವುದು. ಇವುಗಳಲ್ಲಿ ಎರಡನೆಯದು ನೇರವಾಗಿ ಕೊಳ್ಳುವವನ ದೋಷ. ಕದ್ದವನು ಬೇರೆಯೇ ಇರಬಹುದು. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಶ್ರಾವಕನ ವ್ರತಕ್ಕೂ ಕಲೆ ತಗಲುತ್ತದೆ.

ಕಳವಿಗೆ ಶಾಸ್ತ್ರದಲ್ಲಿರುವ ಹೆಸರು ಅದತ್ತಾದಾನ. ಎಂದರೆ ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದು. ಈ ಪದ ಇಂದಿನ ಪೇಟೆಯಲ್ಲಿ ಗಂಭೀರವಾದೊಂದು ಪ್ರಶ್ನೆಯನ್ನು ಎತ್ತುತ್ತದೆ. ಸಾಲದ ಒತ್ತಡಕ್ಕೆ ಸಿಕ್ಕಿದ ನೇಕಾರನು ಸಿಕ್ಕಿದ ಬೆಲೆಗೆ ಸೀರೆಯನ್ನು ಮಾರುತ್ತಾನೆ. ಸಂಜೆಯೊಳಗೆ ಬಾಡಿಹೋಗುವ ಸೊಪ್ಪನ್ನು ಮಾರುವಾಕೆ ಕೇಳಿದಷ್ಟಕ್ಕೆ ಕೊಟ್ಟು ಎದ್ದು ಹೋಗುತ್ತಾಳೆ. ಅವರು ಕೊಟ್ಟರೆಂಬುದು ನಿಜ. ಅದು ಮನಸ್ಸಿನಿಂದ ಕೊಟ್ಟದ್ದೋ, ಗತಿಯಿಲ್ಲದೆ ಬಿಟ್ಟದ್ದೋ? ಗತಿಯಿಲ್ಲದೆ ಬಿಟ್ಟದ್ದನ್ನು ‘ದತ್ತ’ವೆಂದು ಲೆಕ್ಕ ಹಾಕಲು ಧರ್ಮಭೀರುವಿನ ಮನಸ್ಸು ಒಪ್ಪಲಾರದು.

ಅಳತೆಯ ಮೋಸವೂ ಅಂಗಡಿಕಾರನೊಬ್ಬನದೇ ದೋಷವಲ್ಲ. ದೊಡ್ಡ ಮಳಿಗೆಯಲ್ಲಿ ಚೀಟಿಯ ಮೇಲಿರುವ ಬೆಲೆಯನ್ನು ಮರುಮಾತಿಲ್ಲದೆ ತೆರುವ ಗೃಹಸ್ಥರು ಮನೆಬಾಗಿಲಿಗೆ ಬಂದ ಸೊಪ್ಪಿನ ಬುಟ್ಟಿಯ ಮುಂದೆ ಐದು ರೂಪಾಯಿಗೆ ಕಾಲು ಗಂಟೆ ಚೌಕಾಸಿ ಮಾಡುತ್ತಾರೆ. ಬಲಶಾಲಿಗೆ ಒಂದು ತಕ್ಕಡಿ, ದುರ್ಬಲನಿಗೆ ಇನ್ನೊಂದು. ಕೊಳ್ಳುವಾಗ ಒಂದು ಅಳತೆ, ಮಾರುವಾಗ ಒಂದು ಅಳತೆ ಇಟ್ಟುಕೊಂಡ ವ್ಯಾಪಾರಿಗಿಂತ ಇದು ಎಷ್ಟು ಭಿನ್ನ?

ಅಹಿಂಸಾಣುವ್ರತದ ಅತಿಚಾರಗಳಲ್ಲಿಯೂ ಎರಡು ಇಲ್ಲಿ ನೆನಪಿಗೆ ಬರುತ್ತವೆ: ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಶಕ್ತಿಗೆ ಮೀರಿದ ಹೊರೆ ಹೊರಿಸುವುದು, ಹೊತ್ತಿಗೆ ಅನ್ನ ನೀರು ಕೊಡದಿರುವುದು. ಎತ್ತು ಕುದುರೆಗಳ ವಿಷಯದಲ್ಲಿ ಹೇಳುತ್ತ ಬಂದ ಈ ಮಾತು ದಿನಕ್ಕೆ ಹನ್ನೆರಡು ಗಂಟೆ ದುಡಿದೂ ಅರೆಹೊಟ್ಟೆಯಲ್ಲಿ ಮಲಗುವ ಮನುಷ್ಯನಿಗೆ ಅನ್ವಯಿಸದೆ ಇರುತ್ತದೆಯೇ?

ಇದಕ್ಕೆ ಕರ್ನಾಟಕದಲ್ಲಿಯೇ ಕಣ್ಣೆದುರಿಗಿರುವ ಉದಾಹರಣೆ ರೇಷ್ಮೆ. ರಾಮನಗರ, ಶಿಡ್ಲಘಟ್ಟಗಳ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಜೀವವಿರುತ್ತದೆ. ಚಿಟ್ಟೆ ಹೊರಬಂದರೆ ನೂರಾರು ಮೀಟರ್ ಉದ್ದದ ಅಖಂಡ ಎಳೆ ತುಂಡಾಗುವುದರಿಂದ, ಅದಕ್ಕೆ ಮೊದಲೇ ಬಿಸಿಯಿಂದ ಆ ಜೀವವನ್ನು ಕೊಂದು, ಗೂಡನ್ನು ಬೇಯಿಸಿ ನೂಲು ಬಿಚ್ಚುತ್ತಾರೆ. ಹಿಂಸೆ ಅಲ್ಲಿಗೇ ನಿಂತಿರಲಿಲ್ಲ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ಪ್ರಕಟಿಸಿದ ವರದಿಯು ಕರ್ನಾಟಕವೂ ಸೇರಿದಂತೆ ಮೂರು ರಾಜ್ಯಗಳ ರೇಷ್ಮೆ ಉದ್ಯಮದಲ್ಲಿ ಸಾಲಕ್ಕೆ ಜೀತವಿದ್ದ ಮಕ್ಕಳ ಬದುಕನ್ನು ದಾಖಲಿಸಿತು. ಕುದಿಯುವ ನೀರಿಗೆ ಎಳೆಯ ಕೈಗಳನ್ನು ಅದ್ದಿ ಗೂಡಿನ ಎಳೆ ಹುಡುಕುವ ಕೆಲಸ ಅದರಲ್ಲೊಂದು. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯಮದಲ್ಲಿಯೂ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 2016ರ ಕಾನೂನು ತಿದ್ದುಪಡಿ ನಿಷೇಧಿಸಿದೆ. ಅದನ್ನು ಮೀರಿ ತಯಾರಾದ ವಸ್ತುವಿನಲ್ಲಿ ಅಚೌರ್ಯದ ಮೂರನೆಯ ಅತಿಚಾರವೂ ಸೇರಿಕೊಳ್ಳುತ್ತದೆ. ಪೂಜೆಗೆ ಮಡಿಯೆಂದು ಉಡುವ ಬಟ್ಟೆಯ ಶುದ್ಧಿಯನ್ನು ಈ ಬೆಳಕಿನಲ್ಲಿಯೂ ನೋಡಬೇಕಾಗುತ್ತದೆ.

ದಾರಿಗಳಿಲ್ಲವೆಂದಲ್ಲ. ಹೈದರಾಬಾದಿನ ಕುಸುಮ ರಾಜಯ್ಯ ಅವರು ಚಿಟ್ಟೆ ಹೊರಹೋದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆದು ‘ಅಹಿಂಸಾ ರೇಷ್ಮೆ’ಯನ್ನು ಬಳಕೆಗೆ ತಂದರು. ಎಳೆ ತುಂಡಾಗಿರುವುದರಿಂದ ಹತ್ತಿಯಂತೆ ನೂಲಬೇಕು. ಶ್ರಮ ಹೆಚ್ಚು, ಬೆಲೆಯೂ ಹೆಚ್ಚು. ಇನ್ನೂ ಸರಳವಾದ ದಾರಿ ಹತ್ತಿಯ ಕೈಮಗ್ಗದ್ದು. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ 1990ರ ದಶಕದಲ್ಲಿ ಬೆಳೆದ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಗ್ರಾಮೀಣ ಹೆಣ್ಣುಮಕ್ಕಳೇ ನೆಯ್ಗೆಯಲ್ಲಿಯೂ ಬಣ್ಣಗಾರಿಕೆಯಲ್ಲಿಯೂ ತೊಡಗಿದರು. ಮಲೆನಾಡಿನ ಅಡಿಕೆ ಚೊಗರಿನಂಥ ನೈಸರ್ಗಿಕ ಬಣ್ಣಗಳು ಅಲ್ಲಿಯ ಬಟ್ಟೆಗೆ ಏರಿದವು. ಇಂಥ ಸಂಘಗಳು ಉಳಿಯುವುದು ಹೊಗಳಿಕೆಯಿಂದಲ್ಲ, ಕೊಳ್ಳುವವರಿಂದ.

ಜಗತ್ತಿನಲ್ಲಿ ಇಂದು ‘ನ್ಯಾಯಯುತ ವ್ಯಾಪಾರ’ವೆಂದು ಹೆಸರಾದ ವ್ಯವಸ್ಥೆಯ ತಿರುಳೂ ಇದೇ. ಕಾಫಿ, ಕೋಕೋ, ಹತ್ತಿಯಂಥ ಬೆಳೆಗಳ ಪೇಟೆಯ ದರ ಕುಸಿದರೂ ಬೆಳೆಗಾರರ ಸಂಘಕ್ಕೆ ಒಂದು ಕನಿಷ್ಠ ಬೆಲೆ ಸಿಗಬೇಕು. ಅದರ ಮೇಲೆ ಊರಿನ ಶಾಲೆ, ನೀರು, ಆರೋಗ್ಯಗಳಿಗೆ ಒಂದಿಷ್ಟು ಹೆಚ್ಚುವರಿ ಹಣ ಸೇರಬೇಕು. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಕಾಫಿಯ ಪೊಟ್ಟಣದ ಮೇಲೆ ಇಂಥ ಮೊದಲ ಗುರುತು ಕಾಣಿಸಿಕೊಂಡಿತು. ಹೆಸರು ಹೊಸದಾದರೂ ಭಾವ ಹಳೆಯದು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಎಣಿಸುವಾಗ ಮೊದಲು ಹೇಳಿದ್ದು ನ್ಯಾಯದಿಂದ ಗಳಿಸಿದ ಧನವನ್ನು. ನ್ಯಾಯದಿಂದ ಗಳಿಸಿದ್ದು ನ್ಯಾಯವಾಗಿಯೇ ವ್ಯಯವಾದಾಗ ಆ ಲಕ್ಷಣ ಪೂರ್ಣವಾಗುತ್ತದೆ.

ಗುರುತುಗಳನ್ನು ಓದುವಾಗಲೂ ವಿವೇಕ ಬೇಕು. ಪೊಟ್ಟಣದ ಮೇಲಿನ ಹಸಿರು ಚುಕ್ಕೆ ಆಹಾರ ಸಸ್ಯಾಹಾರವೆಂದು ಹೇಳುತ್ತದೆ. ದುಡಿದವನಿಗೆ ಕೂಲಿ ಸಿಕ್ಕಿತೆಂದು ಹೇಳುವುದಿಲ್ಲ. ಸಿಲ್ಕ್ ಮಾರ್ಕ್ ರೇಷ್ಮೆ ಅಪ್ಪಟವೆನ್ನುತ್ತದೆ, ಅಹಿಂಸೆಯದೆನ್ನುವುದಿಲ್ಲ. ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆ ಕೈಮಗ್ಗದ್ದೆಂದು ತಿಳಿಸುತ್ತದೆ. ಒಂದೊಂದು ಗುರುತು ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ. ಉಳಿದ ಪ್ರಶ್ನೆಗಳನ್ನು ಕೊಳ್ಳುವವರೇ ಕೇಳಬೇಕು.

‘ಇದೆಲ್ಲ ಉಳ್ಳವರ ಮಾತು, ತಿಂಗಳ ಸಂಬಳದಲ್ಲಿ ಸಂಸಾರ ನಡೆಸುವವರಿಗೆ ಹೆಚ್ಚಿನ ಬೆಲೆ ತೆರಲು ಆಗುತ್ತದೆಯೇ?’ ಎಂಬ ಆಕ್ಷೇಪ ಬರಬಹುದು. ಆಕ್ಷೇಪದಲ್ಲಿ ಸತ್ಯವಿದೆ. ಅದಕ್ಕೆ ಉತ್ತರವೂ ಶ್ರಾವಕಾಚಾರದಲ್ಲಿಯೇ ಇದೆ: ಪರಿಗ್ರಹ ಪರಿಮಾಣ ಮತ್ತು ಭೋಗೋಪಭೋಗ ಪರಿಮಾಣ. ವರ್ಷಕ್ಕೆ ಇಷ್ಟೇ ಬಟ್ಟೆ, ಇಷ್ಟೇ ಪಾತ್ರೆ, ಇಷ್ಟೇ ಒಡವೆ ಎಂದು ಮಿತಿ ಹಾಕಿಕೊಳ್ಳುವ ಈ ವ್ರತಗಳು ಬಡವನಿಗೂ ಸಾಧ್ಯ, ಸಿರಿವಂತನಿಗೂ ಅಗತ್ಯ. ಅಗ್ಗವೆಂದು ಕೊಂಡ ಮೂರು ಸೀರೆಗಳ ಹಣದಲ್ಲಿ ನೇಕಾರನ ಮನೆಯ ಒಲೆ ಉರಿಸುವ ಒಂದು ಸೀರೆ ಬರುತ್ತದೆ. ಕಪಾಟಿನಲ್ಲಿ ಜಾಗವೂ ಉಳಿಯುತ್ತದೆ. ದಶಲಕ್ಷಣ ಪರ್ವದಲ್ಲಿ ಆರಾಧಿಸುವ ಉತ್ತಮ ಶೌಚವೆಂದರೆ ಲೋಭದ ಕೊಳೆ ತೊಳೆಯುವುದೇ ತಾನೆ?

ಇಲ್ಲಿ ಅನೇಕಾಂತ ದೃಷ್ಟಿಯೂ ಜೊತೆಗಿರಬೇಕು. ಅಂಗಡಿಕಾರನನ್ನು ಪಾಪಿಯೆಂದು ಜರೆಯುವುದು ಸುಲಭ. ಅವನೂ ಸಾಲ, ಬಾಡಿಗೆ, ಪೈಪೋಟಿಗಳ ನಡುವೆ ಸಿಕ್ಕಿರುತ್ತಾನೆ. ಒಂದು ವಸ್ತುವನ್ನು ಒಮ್ಮೆಲೆ ಎಲ್ಲರೂ ಬಿಟ್ಟರೆ, ಅದನ್ನೇ ನಂಬಿದ ಕೂಲಿಕಾರನ ಮನೆಯಲ್ಲಿ ಒಲೆ ಆರುತ್ತದೆ. ಆದ್ದರಿಂದ ಬಿಡುವುದಕ್ಕೆ ಮೊದಲು ಕೇಳಬೇಕು. ‘ಇದು ಎಲ್ಲಿಂದ ಬಂತು? ಯಾರು ಮಾಡಿದ್ದು?’ ಎಂದು ನಾಲ್ಕು ಗಿರಾಕಿಗಳು ಸೌಮ್ಯವಾಗಿ ಕೇಳಿದರೆ ಐದನೆಯವರಿಗಾಗಿ ಅಂಗಡಿಕಾರ ಉತ್ತರ ಹುಡುಕಿಟ್ಟಿರುತ್ತಾನೆ. ವ್ಯಾಪಾರವನ್ನೇ ವೃತ್ತಿಯಾಗಿಸಿಕೊಂಡ ಜೈನ ಕುಟುಂಬಗಳು ನಾಡಿನಲ್ಲಿ ಅನೇಕ. ಗಲ್ಲೆಯ ಆಚೆ ಕುಳಿತವರೂ ಈಚೆ ನಿಂತವರೂ ಒಂದೇ ವ್ರತವನ್ನು ನೆನೆದರೆ ಸರಪಳಿಯ ಕೊನೆಯಲ್ಲಿರುವ ಕೈಗೆ ಅದರ ಫಲ ತಲುಪುತ್ತದೆ.

ಸೋಸಿದ ಬಟ್ಟೆಯನ್ನು ಬಾವಿಯ ಮೇಲೆ ಹಿಡಿದು ತೊಳೆಯುವಾಗ, ಎಲ್ಲಿಂದ ಬಂದಿತೋ ಅಲ್ಲಿಗೆ ಜೀವ ಮರಳುತ್ತದೆ. ಹಣಕ್ಕೂ ಅಂಥದೇ ದಾರಿಯಿದೆ. ಯಾರ ದುಡಿಮೆಯಿಂದ ವಸ್ತು ಮನೆಗೆ ಬಂದಿತೋ ಅವರವರೆಗೆ ಅದು ಮರಳಬೇಕು. ಮುಂದಿನ ಬಾರಿ ಹಳೆಯ ಬಟ್ಟೆ ಸವೆದು ಹೊಸದನ್ನು ಕೊಳ್ಳಲು ಹೊರಟಾಗ, ಕೊಡದ ಬಾಯಿಗೆ ಹಾಸುವ ಮೊದಲು ಅದನ್ನು ಒಮ್ಮೆ ಮನಸ್ಸಿನಲ್ಲಿಯೂ ಸೋಸಿ ನೋಡುವುದು ಶ್ರಾವಕ ಶ್ರಾವಿಕೆಯರಿಗೆ ತಕ್ಕ ನಡೆ.