ಚಳಿಗೆ ಬಿರುಸಾಗುವ ಟೈರು

ಮಾಂಟ್ರಿಯಲ್‌ನಿಂದ ಕೇಳುಗರೊಬ್ಬರು ಕೇಳಿದ್ದಾರೆ: "ನನ್ನ ಸ್ಪೋರ್ಟ್ಸ್ ಕಾರಲ್ಲಿ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುತ್ತೆ. ಹಿಮ ಇಲ್ಲದ ದಿನ ಬೇಸಿಗೆ ಟೈರಲ್ಲೇ ಓಡಿಸಬಹುದಾ?"

ಬೇಡ ಅಂತೀವಿ ನಾವು. ಹಿಮ ಬೀಳೋ ಮೊದಲೇ ಅಪಾಯ ಶುರುವಾಗಿರುತ್ತೆ.

ಟೈರಿನ ರಬ್ಬರು ಮೆತ್ತಗೆ ಬಾಗಿ, ರಸ್ತೆಯ ಸಣ್ಣ ಸಣ್ಣ ಉಬ್ಬುತಗ್ಗುಗಳಿಗೆ ಒತ್ತಿಕೊಂಡರೆ ಮಾತ್ರ ಹಿಡಿತ ಸಿಗುತ್ತೆ. ಸ್ಪೋರ್ಟ್ಸ್ ಕಾರಿನ ಬೇಸಿಗೆ ಟೈರನ್ನು ಬಿಸಿ ರಸ್ತೆಗೆಂದೇ ಹದ ಮಾಡಿರುತ್ತಾರೆ. ತಾಪಮಾನ ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಂತೆ ಅದರ ರಬ್ಬರು ಬಿರುಸಾಗುತ್ತಾ ಹೋಗುತ್ತೆ. ಆಗ ಒಣ ರಸ್ತೆಯಲ್ಲೂ ಬ್ರೇಕ್ ಒತ್ತಿದ ಮೇಲೆ ಕಾರು ಇನ್ನಷ್ಟು ದೂರ ಹೋಗಿ ನಿಲ್ಲುತ್ತೆ. ಕಡುಚಳಿಯಲ್ಲಿ ರಬ್ಬರು ಬಿರುಕು ಬಿಡಲೂಬಹುದು.

ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಹೊರಡೋದು ಸುಲಭ, ನಿಜ. ಆದರೆ ನಿಲ್ಲೋದಕ್ಕೆ, ತಿರುವಿನಲ್ಲಿ ಜಾರದೇ ಇರೋದಕ್ಕೆ ಟೈರಿನ ಹಿಡಿತವೇ ಬೇಕು. ಸಲೀಸಾಗಿ ಹೊರಟಿತಲ್ಲ ಅನ್ನೋ ಧೈರ್ಯವೇ ಇಲ್ಲಿ ಮೋಸ ಮಾಡೋದು.

ಚಳಿಗಾಲದ ಟೈರಿನ ರಬ್ಬರು ಚಳಿಯಲ್ಲೂ ಮೆತ್ತಗೇ ಇರುತ್ತೆ. ಅದರಲ್ಲಿರುವ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಕ್ವಿಬೆಕ್‌ನಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಈ ಟೈರು ಕಡ್ಡಾಯ. ಆದರೆ ರಬ್ಬರು ಕ್ಯಾಲೆಂಡರ್ ನೋಡೋದಿಲ್ಲ. ನವೆಂಬರ್‌ನಲ್ಲೇ ತಾಪಮಾನ 7ಕ್ಕಿಂತ ಕೆಳಗೆ ಉಳಿಯತೊಡಗಿದರೆ, ಆಗಲೇ ಬದಲಿಸಿಬಿಡಿ.